ಬರೆ ಹಾಕಗೊಡದವಳು

ಏಳು ತಿಂಗಳಿಗೇ ಹುಟ್ಟಿದ ನನ್ನ ಮಗ, ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ತಿಂಗಳು ಕಳೆದು ಸಂಶಿಯ ನಮ್ಮ ಮನೆಗೆ ಬಂದಾಗ ಒಂದು ಮೊಳವೂ ಇರಲಿಲ್ಲ. ಮೈ ಬೆಚ್ಚಗಿರಲೆಂದು ಆಸ್ಪತ್ರೆಯ ಸಿಸ್ಟರ್ ಹೇಳಿಕೊಟ್ಟಂತೆ ಹೆಂಡತಿ ಅವನನ್ನು ಕುಪ್ಪಸದೊಳಗೆ ಬರಿಮೈಗೆ ಕಟ್ಟಿಕೊಂಡೇ ಇರುತ್ತಿದ್ದಳು. ಎಣ್ಣೆ ಹಚ್ಚಿ ಎರೆಯಲು ಅವ್ವ ಕೇಳಿದರೆ ಕೊಡುತ್ತಿರಲಿಲ್ಲ. "ಸಿಸ್ಟರ್ ಬ್ಯಾಡ ಅಂದಾರ್ರಿ ಅತ್ತಿ," ಎನ್ನುವುದೊಂದೇ ಮಾತು. ಅವ್ವ ಒಳಗೊಳಗೇ ಕುದಿಯುತ್ತಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಮಗು ಹಾಲು ಬಿಟ್ಟಿತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

"ದವಾಖಾನಿಗೆ ಹೋಗೂಣು. ಈಗಿಂದೀಗ," ಎಂದಳು ಹೆಂಡತಿ.

ಅವ್ವ ಆಗಲೇ ಒಲೆಯಲ್ಲಿ ಬಳೆಯ ತುಂಡು ಕಾಯಿಸುತ್ತಿದ್ದಳು. ಹೊಟ್ಟೆಗೆ ಬರೆ ಕೊಟ್ಟರೆ ಉಸಿರು ಸರಿಹೋಗುತ್ತದೆಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

"ಕೂಸನ್ನ ಇಲ್ಲಿ ಕೊಡಬೇ," ಎಂದಳು ಅವ್ವ.

ಹೆಂಡತಿ ಕೊಡಲಿಲ್ಲ. ನಾನು ಅವಳ ರಟ್ಟೆ ಹಿಡಿದು ಎಳೆದೆ, ಕಪಾಳಕ್ಕೆ ಬಾರಿಸಿದೆ. ಅವಳ ಮುಖ ಬಾಗಿಲ ಚೌಕಟ್ಟಿಗೆ ಬಡಿದು ತುಟಿ ಒಡೆಯಿತು. ಆದರೂ ಮಗುವನ್ನು ಸಡಿಲಿಸಲಿಲ್ಲ. ಅವ್ವ ಇಕ್ಕಳದಲ್ಲಿ ಕೆಂಪಗೆ ಕಾದ ತುಂಡು ಹಿಡಿದು ಹತ್ತಿರ ಬಂದಳು. ಹೆಂಡತಿ ಗೋಡೆಗೆ ಸಿಗಿಸಿದ್ದ ಕುಡಗೋಲು ಎಳೆದುಕೊಂಡು ಬೀಸಿದಳು. ನಾನು ಅಡ್ಡ ಕೈ ಹಾಕಿದೆ. ಮುಂಗೈ ಎಲುಬು ಕಾಣುವಷ್ಟು ಸೀಳಿತು.

"ಮುಂದ ಬಂದ್ರ ಯಾರನ್ನೂ ಬಿಡೂದಿಲ್ಲ," ಎಂದಳು, ಬಾಯಿಂದ ರಕ್ತ ಸುರಿಯುತ್ತಿದ್ದರೂ.

ಐದು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳಿಗೆ ಹೆದರಿದೆ. ಕೈಗೆ ಟವೆಲ್ ಸುತ್ತಿಕೊಂಡು ಬಾಜು ಮನೆಯವರ ಗಾಡಿ ಕರೆದೆ. ಅವ್ವನೂ ಇಕ್ಕಳ ಬಿಸಾಕಿ ಹತ್ತಿದಳು.

ಹುಬ್ಬಳ್ಳಿಯ ಅದೇ ಆಸ್ಪತ್ರೆಯಲ್ಲಿ ಮಗುವಿಗೆ ಆಕ್ಸಿಜನ್ ಹಚ್ಚಿದರು, ನನ್ನ ಕೈಗೆ ಹೊಲಿಗೆ ಹಾಕಿದರು. ನಡೆದದ್ದನ್ನು ಕೇಳಿದ ಸಿಸ್ಟರ್ ನನ್ನತ್ತ ತಿರುಗಿದರು.

"ನಿಮ್ಮ ಮನಿಯವರಿಗೆ ಕೂಸಿನ ಆರೈಕಿ ಎಲ್ಲಾ ಹೇಳಿಕೊಡುವಾಗ ನೀವೆಲ್ಲಿದ್ರಿ?"

"ಹೊರಗ ಚಾದಂಗಡ್ಯಾಗ ಇದ್ದೆರಿ."

ಅವ್ವನಂತೂ ಮಗು ಪೆಟ್ಟಿಗೆಯಲ್ಲಿದ್ದ ಆ ತಿಂಗಳೆಲ್ಲ ಗೇಟಿನ ಹೊರಗೇ ಕೂತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಸಿಸ್ಟರ್ ಅವಳನ್ನು ಒಳಗೆ ಕರೆದು ಮಗುವಿನ ಎದೆ ತೋರಿಸಿದರು. "ನೋಡ್ರಿ ಅಮ್ಮಾ, ಹಿಂಗ ಗುಳಿ ಬಿದ್ರ ಉಸಿರಾಟಕ್ಕ ತ್ರಾಸ ಐತಿ ಅಂತ. ಬರಿ ಕೊಟ್ರ ಇನ್ನೂ ಕೆಡತೈತಿ. ತಡಾ ಮಾಡದ ಕರಕೊಂಡು ಬರಬೇಕು."

ಅವ್ವ ಬಗ್ಗಿ ಆ ಗುಳಿ ನೋಡಿದಳು. "ನನ್ನ ಎರಡನೇ ಮಗಗೂ ಹಿಂಗ ಬೀಳತಿತ್ತರಿ," ಎಂದಳು. "ಬರಿ ಕೊಟ್ಟೆ. ಸಂಜಿಕ ಹೋತು ಕೂಸು. ಹಂಗಾರ ನಾನ ಕೊಂದೆನೇನವ್ವಾ?"

ಸಿಸ್ಟರ್ ಉತ್ತರಿಸುವ ಮೊದಲೇ ಅವ್ವ ಎರಡೂ ಕೈಯಿಂದ ತನ್ನ ಮುಖಕ್ಕೆ ಹೊಡೆದುಕೊಳ್ಳತೊಡಗಿದಳು. ಹಣೆಯನ್ನು ಗೋಡೆಗೆ ಚಚ್ಚಿಕೊಂಡಳು. ಒಡೆದ ತುಟಿಯ ನನ್ನ ಹೆಂಡತಿಯೇ ಓಡಿಹೋಗಿ ಅವಳ ಕೈ ಹಿಡಿದಳು.

ಮಗ ಉಳಿದ. ಹೊಲಿಗೆ ಬಿಚ್ಚಿದ ಮೇಲೆ ಸಿಸ್ಟರ್ ಅವನನ್ನು ನನ್ನ ಎದೆಗೂ ಕಟ್ಟಿ ಕಲಿಸಿದರು. ಹೆಂಡತಿ ಮಾತ್ರ ಎರಡು ತಿಂಗಳು ನನ್ನ ಕೂಡ ಮಾತಾಡಲಿಲ್ಲ.