ಗಾಳಿಕಂಬದ ದಣಿವು ಬಲ್ಲ ಹೇಮಾವತಿ

ಸಂಡೂರಿನ ಗುಡ್ಡದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ಗಾಳಿಯಂತ್ರದ ಬುಡದ ಕಬ್ಬಿಣದ ಬಾಗಿಲು ತೆರೆದು ಹೇಮಾವತಿ ಕಂಬದೊಳಗೆ ಕಾಲಿಡುತ್ತಾರೆ. ಬೆಸುಗೆಯ ಮೇಲೆ ಜೆಲ್ ಸವರಿ, ಉಕ್ಕಿನೊಳಗೆ ಶಬ್ದದ ಅಲೆ ಕಳಿಸುವ ಬೆರಳುದ್ದದ ಸಾಧನವನ್ನು ಮೆಲ್ಲಗೆ ಜರುಗಿಸುತ್ತಾ ಪುಟ್ಟ ಪರದೆಯನ್ನೇ ನೋಡುತ್ತಾರೆ. ಉಕ್ಕಿನೊಳಗೆ ಬಿರುಕಿದ್ದರೆ ಪರದೆಯ ಗೆರೆ ತಟ್ಟನೆ ಏಳುತ್ತದೆ. ಇವತ್ತು ಏಳುತ್ತಿಲ್ಲ. “ಆರಾಮ್ ಐತ್ರೀ ಇದು,” ಎಂದು ಕಂಬವನ್ನು ತಟ್ಟುತ್ತಾರೆ.

ದಿನಕ್ಕೆ ಎರಡು ಕಂಬ ನೋಡಿದರೆ ಹೆಚ್ಚು. ಅವಸರ ಈ ಕೆಲಸಕ್ಕೆ ಆಗಿಬರುವುದಿಲ್ಲ. “ಒಂದ ಸಲ ಗಾಳಿ ಜೋರ್ ಬೀಸಿದ್ರ ಕಂಬ ಬೀಳಲ್ರಿ. ವರ್ಷಾನಗಟ್ಲೆ ಬಗ್ಗಿ ಬಗ್ಗಿ ಏಳ್ತೈತಲ್ಲ, ಹಂಗ ದಣೀತೈತಿ. ತಂತಿ ಹಿಂದಮುಂದ ಬಗ್ಗಿಸಿದ್ರ ತುಂಡಾಗಲ್ವೇನ್ರಿ?”

ಈ ಪಾಠ ಮೊದಲು ಸಿಕ್ಕಿದ್ದು ಕಂಪ್ಲಿಯಲ್ಲಿ. ತಂದೆ ಪಕ್ಕೀರಪ್ಪ ಅಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಕಬ್ಬು ಹೊತ್ತ ಟ್ರೇಲರ್‌ಗಳು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬೆಸುಗೆ ಬಿಟ್ಟುಕೊಂಡು ಬರುತ್ತಿದ್ದವು. “ಭಾರಕ್ಕಲ್ಲವ್ವ, ಕುಲುಕಾಟಕ್ಕ ಬಿಟ್ಟೈತಿ,” ಎನ್ನುತ್ತಿದ್ದರಂತೆ ಅಪ್ಪ. ಮಗಳು ಹೊಸಪೇಟೆಯಲ್ಲಿ ಡಿಪ್ಲೊಮಾ ಓದಿ, ಬೆಸುಗೆ ಪರೀಕ್ಷೆಯ ತರಬೇತಿಯನ್ನೂ ಪಡೆದರು. ಹೆಂಗಸು ಕಂಬ ಹತ್ತುವುದುಂಟೇ ಎಂದು ಗುತ್ತಿಗೆದಾರರು ವಾಪಸ್ ಕಳಿಸುತ್ತಲೇ ಇದ್ದರು. ಕೊನೆಗೊಬ್ಬರು ಒಪ್ಪಿದರು. “ಮೊದಲನೇ ದಿನ ಅರ್ಧಾ ಏಣಿಗೆ ನಿಂತು ಅತ್ತುಬಿಟ್ಟೆ. ಅತ್ತು ಮುಗದ ಮ್ಯಾಲ ಉಳಿದರ್ಧ ಹತ್ತಿದೆ,” ಎಂದು ನಗುತ್ತಾರೆ.

ಎರಡು ವರ್ಷದ ಹಿಂದಿನ ಆಷಾಢ. ಗಾಳಿ ಭರ್ಜರಿಯಾಗಿದ್ದ ದಿನ. ಒಂದು ಕಂಬದ ಬುಡದಲ್ಲಿ ಪರದೆಯ ಗೆರೆ ಎದ್ದುಬಿಟ್ಟಿತು. ರಿಪೇರಿಗೆಂದು ಅದೇ ಕಂಬದ ತುದಿಗೆ ಹತ್ತಲು ಹೊರಟು ನಿಂತ ತಂಡದಲ್ಲಿ ಗಂಡ ಮಾರೇಶ್ ಕೂಡ ಇದ್ದರು. ಹೇಮಾವತಿ ಏಣಿಗೆ ಅಡ್ಡ ನಿಂತರು.

“ಎಲ್ಲಾರ ಮುಂದ ಏನಿದು? ಇನ್ನೊಮ್ಮಿ ನೋಡು,” ಎಂದು ಮಾರೇಶ್ ಸಿಡುಕಿದರು.

ಹೇಮಾವತಿ ಮತ್ತೊಮ್ಮೆ ನೋಡಿದರು. ಗೆರೆ ಮತ್ತೆ ಎದ್ದಿತು. ಸೈಟ್ ಮ್ಯಾನೇಜರ್ ಕನಕರಾಜ್ ಅವರ ಬಳಿ ಹೋಗಿ, “ತಪ್ಪಾಗಿದ್ರ ನನ್ನ ಬೈರಿ ಸರ್. ಆದ್ರ ಯಾರೂ ಮ್ಯಾಲ ಹೋಗೋದು ಬ್ಯಾಡ,” ಎಂದರು. ಕರೆಂಟು ಹೆಚ್ಚು ಹುಟ್ಟುವ ಕಾಲದಲ್ಲಿ ಯಂತ್ರವನ್ನು ದಿನಗಟ್ಟಲೆ ನಿಲ್ಲಿಸಿಡುವುದು ಸಣ್ಣ ಮಾತಲ್ಲ. ಆದರೂ ಕನಕರಾಜ್ ನಿಲ್ಲಿಸಿಡಲು ಹೇಳಿದರು. ಬಣ್ಣ ಕೆರೆದಾಗ ಗೇಣುದ್ದದ, ಕೂದಲೆಳೆಯಂಥ ಬಿರುಕು ಕಂಡಿತು.

ಆ ಸಂಜೆ ಮನೆಯಲ್ಲಿ ಮಾರೇಶ್ ತಾವೇ ಚಹಾ ಮಾಡಿ ತಂದು ಹೆಂಡತಿಯ ಪಕ್ಕ ಇಟ್ಟು ಕುಳಿತರು. “ಅಷ್ಟ ಸಾಕಾತ್ರೀ ನನಗ,” ಎನ್ನುತ್ತಾರೆ ಹೇಮಾವತಿ. ದುರಸ್ತಿಯಾದ ಆ ಗಾಳಿಯಂತ್ರ ಈಗಲೂ ಎದುರು ಗುಡ್ಡದ ಮೇಲೆ ತಿರುಗುತ್ತಿದೆ.

ಇನ್ನೇನಾದರೂ ಆಸೆ?

“ಸಮುದ್ರದಾಗೂ ಇಂಥಾ ಕಂಬ ನಿಲ್ಲಸ್ತಾರಂತ. ಮ್ಯಾಲ ಗಾಳಿ ತಳ್ಳೋದು, ಕೆಳಗ ಅಲಿ ಬಡಿಯೋದು, ಉಪ್ಪುನೀರು ಬ್ಯಾರೆ. ಎಷ್ಟು ದಣೀತಾವೋ ಪಾಪ! ಒಮ್ಮಿ ಹೋಗಿ ಮುಟ್ಟಿ ನೋಡಬೇಕ್ರಿ.”

ಸಮುದ್ರ ನೋಡಿದ್ದೀರಾ ಎಂದರೆ ಬಟ್ಟೆಯ ಚೂರಿನಿಂದ ಕೈಗಂಟಿದ ಜೆಲ್ ಒರೆಸಿಕೊಳ್ಳುತ್ತಾ ನಗುತ್ತಾರೆ.

“ಎಲ್ಲೀದ್ರೀ! ಹೊಸಪೇಟಿ ಡ್ಯಾಮ್ ತುಂಬಿದ್ದು ನೋಡೀನಿ, ಅಷ್ಟ.”