ಮರಳಿನಲ್ಲಿ ಕಲಿತ ಜಿಗಿತ

ನಮ್ಮ ಸೋದರಮಾವನ ಹಿಮ್ಮಡಿ ನೆಲಕ್ಕೆ ಊರಿ ನಿಂತದ್ದನ್ನು ನಾನು ಕಂಡಿಲ್ಲ. ಉಣ್ಣಲು ಕುಂತರೂ ಕಾಲು ಪಟಪಟ ಅಲುಗಿ, ತಾಟಿನಲ್ಲಿದ್ದ ಉಳ್ಳಾಗಡ್ಡಿ ಉರುಳಿ ಹೋಗುತ್ತಿತ್ತು. "ಕಾಲಿಗೆ ಇರಿವಿ ಹತ್ಯಾವೇನಲೇ? ಸುಮ್ನ ಕುಂಡ್ರು!" ಎಂದು ಅಜ್ಜಿ ಬೈದರೆ, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ಹೊರಡುತ್ತಿದ್ದ.

ಎಪ್ಪತ್ತರ ದಶಕದ ಕೊನೆ. ಮಾವ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವನಿಗಿಂತ ಆರು ವರ್ಷಕ್ಕೆ ಸಣ್ಣವನಾದ ನಾನು ಕಾಲೇಜು ಓದುತ್ತಿದ್ದೆ. ಬೆಳಗಾದರೆ ನನ್ನನ್ನು ಸೈಕಲ್ ಮೇಲೆ ಹೇರಿಕೊಂಡು ತುಂಗಭದ್ರೆಯ ದಂಡೆಗೆ ಓಡುವನು. ಮರಳಿನಲ್ಲಿ ಎರಡು ಬಿದಿರು ನೆಟ್ಟು, ಗೋಣಿಚೀಲದ ಹುರಿಯಿಂದ ಹೆಣೆದ ನೆಟ್ ಕಟ್ಟಿ ವಾಲಿಬಾಲ್. ಆರಾರು ಮಂದಿ ಎಲ್ಲಿಂದ ಬರಬೇಕು? ಎಲ್ಲರಿಗೂ ಗದ್ದೆಯ ಕೆಲಸ. ಆ ಕಡೆ ಇಬ್ಬರು, ಈ ಕಡೆ ನಾವಿಬ್ಬರು. ನಾನು ಚೆಂಡು ಎತ್ತಿಕೊಡುವವನು, ಅವನು ಹಾರಿ ಹೊಡೆಯುವವನು. ಸುತ್ತಲಿನ ಊರುಗಳಲ್ಲಿ ನಮ್ಮ ಜೋಡಿಯನ್ನು ಸೋಲಿಸಿದವರಿಲ್ಲ. ಹೌದು, ಕೊಚ್ಚಿಕೊಳ್ಳುತ್ತಿದ್ದೇನೆ, ಏನೀಗ?

ಮರಳು ಕಾಲನ್ನು ನುಂಗುತ್ತದೆ, ಮೇಲೇಳಲು ತಡವಾಗುತ್ತದೆ. ಅದಕ್ಕೆ ಚೆಂಡು ನನ್ನ ಬೆರಳು ಬಿಡುವ ಹೊತ್ತಿಗೇ ಮಾವ ಹಾರಿಬಿಡುತ್ತಿದ್ದ. "ಚೆಂಡಿನ ದಾರಿ ಕಾಯಬಾರ್ದಲೇ ಅಳಿಯಾ. ನಾವ ಮೊದ್ಲ ಹೋಗಿ ನಿಂದರಬೇಕು," ಎನ್ನುತ್ತಿದ್ದ.

ಒಮ್ಮೆ ರಾಯಚೂರಿನಲ್ಲಿ ಸರ್ಕಾರಿ ಇಲಾಖೆಯೊಂದರ ತಂಡಕ್ಕೆ ಆಯ್ಕೆ ನಡೆಯಿತು. ಆಯ್ಕೆಯಾದರೆ ನೌಕರಿ. ಗಿರಣಿಯ ಧೂಳಿಗೆ ಮಾವನಿಗೆ ಆಗಲೇ ಕೆಮ್ಮು ಹತ್ತಿತ್ತು. ಅದರಿಂದ ಪಾರಾಗಲು ಅವನಿಗಿದ್ದದ್ದು ಅದೊಂದೇ ದಾರಿ. ಜೋಡಿಯಾಗಿಯೇ ಆಡಿ ತೋರಿಸೋಣವೆಂದು ನನ್ನ ಹೆಸರನ್ನೂ ಬರೆಸಿದ. ಬಸ್ಸಿನಲ್ಲಿ ಮೂರು ಸಲ ಸೀಟು ಬದಲಿಸಿದ.

ಅಲ್ಲಿಯದು ಗಟ್ಟಿ ನೆಲ. ಮಾವ ರೂಢಿಯಂತೆ ಮೊದಲೇ ಹಾರಿದ. ನೆಲ ಅವನನ್ನು ಗಪ್ಪನೆ ಮೇಲೆತ್ತಿತು, ಚೆಂಡು ಬರುವಷ್ಟರಲ್ಲಿ ಅವನು ಕೆಳಗಿಳಿಯುತ್ತಿದ್ದ. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ತಡೆದು ಹಾರು ಎಂದರೆ ತಡೆಯುವ ಜೀವವೇ ಅದು? ಕಾಲೇಜಿನ ಗಟ್ಟಿ ಮೈದಾನದಲ್ಲಿ ಆಡಿದ್ದ ನನಗೆ ಕೂಡಲೇ ತಿಳಿಯಿತು. ಎರಡು ಮೊಳ ತಗ್ಗಿಸಿ ಎತ್ತಿದ್ದರೆ ಚೆಂಡು ಬೇಗ ಬಂದು ಅವನ ಕೈಗೆ ಸಿಗುತ್ತಿತ್ತು. ಆದರೆ ನಾನು ಎತ್ತರಕ್ಕೆ ಎತ್ತಿದಾಗಲೆಲ್ಲ ಆಯ್ಕೆಗಾರರೊಬ್ಬರು "ಭೇಷ್" ಎನ್ನುತ್ತಿದ್ದರು. ಥೂ ನನ್ನ ಜನ್ಮಕ್ಕೆ, ಎತ್ತರಕ್ಕೇ ಎತ್ತಿದೆ. ಕೊನೆಯ ಚೆಂಡಿನವರೆಗೂ.

ನನ್ನ ಹೆಸರು ಬಂತು, ಅವನದು ಬರಲಿಲ್ಲ. "ಛಲೋ ಆತಲೇ! ನಮ್ಮ ಮನ್ಯಾಗ ಒಬ್ಬಾಂವರ ಪಾರಾದಿ," ಎಂದು ಬೆನ್ನಿಗೆ ಗುದ್ದಿದ. ರಜೆಗೆ ಬಂದಾಗಲೆಲ್ಲ ಮೊದಲಿನಂತೆಯೇ ಹೊಳೆದಂಡೆಗೆ ಎಳೆದೊಯ್ದ. ನಾನು ಬಾಯಿ ಬಿಡಲಿಲ್ಲ.

ಏಳೆಂಟು ವರ್ಷಕ್ಕೆ ಆ ಕೆಮ್ಮು ಅವನನ್ನು ಹಾಸಿಗೆಗೆ ಕೆಡವಿತು. ಸುದ್ದಿ ತಿಳಿದು ಓಡಿ ಬಂದೆ. "ಮಾವ, ಅವತ್ತು ರಾಯಚೂರಾಗ…" ಎಂದು ಶುರುಮಾಡಿದೆ.

"ಗೊತ್ತೈತಿ ಬಿಡು," ಎಂದ. "ಮ್ಯಾಲ ಹಾರಿದಾಂವಗ ಚೆಂಡು ಬರೂತನಕ ಏನು ಕೆಲಸ? ನಿನ್ನ ಮುಖಾನ ನೋಡಾಕತ್ತಿದ್ನಿ."

"ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಮತ್ತ ನನ್ನ ಜೋಡಿ ಆಡಾಕ ಬರ್ತಿದ್ದೇನು?"

ಆ ವಾರವೇ ಮಾವ ತೀರಿಕೊಂಡ. ನಾನು ಆ ನೌಕರಿಯಲ್ಲಿಯೇ ನಿವೃತ್ತನಾದೆ.