ಗ್ರಹಣದ ದಿನ ಕೊಯ್ದ ಮೇವು

ಆಗೆಲ್ಲ ಗ್ರಹಣ ಹಿಡಿದರೆ ನಮ್ಮ ದಿಗ್ಗೇವಾಡಿಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಮಜ್ಜಿಗೆ ಗಡಿಗೆಯ ಮೇಲೆ ಗರಿಕೆ ಇಟ್ಟು ಮಕ್ಕಳನ್ನು ಒಳಗೆ ಕೂಡಿಹಾಕುತ್ತಿದ್ದರು. ಹಸಿದ ಹೊಟ್ಟೆಯಲ್ಲೇ ಹರಳು ತೂರಿ ಹಿಡಿಯುವ ಆಣಿಕಲ್ಲು ಆಡುತ್ತಿದ್ದೆವು. ಬಸುರಿಯಾದವಳು ಮಾತ್ರ ಕತ್ತಲೆ ಕೋಣೆಯಲ್ಲಿ ಕೈಕಾಲು ಮಡಚದೆ ಮಲಗಬೇಕು. ಏನನ್ನೂ ಕೊಯ್ಯಬಾರದು.

ಆ ವರ್ಷ ಅವ್ವನಿಗೆ ಏಳು ತಿಂಗಳು. ಎಮ್ಮೆಯೂ ಗಬ್ಬವಿತ್ತು. ಅಪ್ಪನ ತಾಯಿಗೆ ನಾವು ಆಯಿ ಅನ್ನುತ್ತಿದ್ದೆವು. ಗ್ರಹಣ ತಾಗದಿರಲೆಂದು ಆಯಿ ಎಮ್ಮೆಯ ಹೊಟ್ಟೆಗೆ ಕೆಮ್ಮಣ್ಣು ಬಳಿದಳು, ಮೇವು ಹಾಕುವುದನ್ನು ಮರೆತಳು. ಎಮ್ಮೆ ಒಂದೇ ಸವನೆ ಒದರಿತು. ಕೇಳಲಾಗದೆ ಅವ್ವ ಎದ್ದು ಹೋಗಿ, ಹಿತ್ತಲಲ್ಲಿ ಕುಡಗೋಲಿನಿಂದ ಒಂದಿಷ್ಟು ಹಸಿಮೇವು ಕೊಯ್ದು ಹಾಕಿದಳು.

ಹುಟ್ಟಿದ ತಮ್ಮನ ಮೇಲ್ತುಟಿ ಸೀಳಿತ್ತು. ಅಂಗುಳವೂ ತೆರೆದಿತ್ತು. ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು.

"ಕೈಯಾರ ಕೊಯ್ದೀ, ಈಗ್ಯಾಕ ಅಳತೀ?" ಎಂದಳು ಆಯಿ.

ಅವ್ವ ಹತ್ತಿಯನ್ನು ಹಾಲಿನಲ್ಲಿ ಅದ್ದಿ ಅವನ ಬಾಯಿಗೆ ಹಿಂಡಿ ನೋಡಿದಳು. ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ಹೋಯಿತು.

ಆಮೇಲೆ ಎಮ್ಮೆ ಈದಿತು. ಕರುವಿನ ಕಾಲು ಸೊಟ್ಟ.

"ಎಮ್ಮಿ ಏನ್ ಕೊಯ್ದಿತ್ತ ಆಯಿ?" ಎಂದೆ.

ಕಪಾಳಕ್ಕೆ ಬಿತ್ತು. "ನಿಮ್ಮವ್ವ ಕೊಯ್ದದ್ದ ತಿಂದೈತಲ್ಲ."

ಅವ್ವ ಮತ್ತೆ ಯಾರ ಕೂಸನ್ನೂ ಎತ್ತಿಕೊಳ್ಳಲಿಲ್ಲ. ನನ್ನ ಮಕ್ಕಳನ್ನೂ.

ಮೊನ್ನೆ ಮೊಮ್ಮಗಳ ಸ್ಕ್ಯಾನಿಂಗಿಗೆಂದು ಚಿಕ್ಕೋಡಿಗೆ ಹೋಗಿದ್ದೆ. ಅವಳ ಹೊಟ್ಟೆಯಲ್ಲಿರುವ ಕೂಸಿನ ತುಟಿಯೂ ಕೂಡಿಲ್ಲ.

"ನಾ ಏನ್ ತಪ್ಪ್ ಮಾಡೇನ್ರಿ ಮೇಡಂ?" ಎಂದಳು ಮೊಮ್ಮಗಳು.

"ಏನೂ ಮಾಡಿಲ್ಲವಾ," ಎಂದಳು ಡಾಕ್ಟರಮ್ಮ. "ಮುಖ ಎರಡೂ ಕಡಿಂದ ಬೆಳಕೊಂತ ಬಂದು ನಡುವ ಕೂಡತೈತಿ. ಕೂಸಿನ ಜೀವಕಣಗೋಳು ಕಣ್ಣಿಗಿ ಕಾಣದ ರಸ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಸ್ತಾವ. ಇಲ್ಲಿ ಬೆಳಿ, ಇಲ್ಲಿ ನಿಲ್ಲು, ಇಲ್ಲಿ ಕೂಡು ಅಂತ. ಆ ಸುದ್ದಿ ಹೊತ್ತಿಗಿ ಮುಟ್ಟಲಿಲ್ಲಂದ್ರ ಹಿಂಗ ಸೀಳು ಉಳಿತೈತಿ. ಹುಟ್ಟಿದ ಮ್ಯಾಲ ಹೊಲೀತಾರ, ಅಂಜಬ್ಯಾಡ."

"ಅದು ಯಾವ ತಿಂಗಳಾಗ್ರಿ?" ಎಂದು ನಾನು ಕೇಳಿದೆ.

"ಮೂರು ತುಂಬೋದ್ರಾಗ ಎಲ್ಲಾ ಮುಗದಿರತೈತ್ರಿ."

ಅವ್ವ ಮೇವು ಕೊಯ್ದದ್ದು ಏಳರಲ್ಲಿ. ಕುಡಗೋಲು ಹಿಡಿಯುವಾಗ ತಮ್ಮನ ತುಟಿ ಆಗಲೇ ಸೀಳಿ ಕುಳಿತಿತ್ತು. ಆಯಿಯ ಮಾತನ್ನು ನಂಬಿಕೊಂಡೇ ಅವ್ವ ಮುದುಕಿಯಾದಳು, ನಂಬಿಕೊಂಡೇ ಸತ್ತಳು.

"ಮತ್ತೇನರ ಕೇಳೋದೈತೇನ್ರಿ ಅಜ್ಜಿ?" ಎಂದಳು ಡಾಕ್ಟರಮ್ಮ.

"ಇಲ್ರಿ," ಎಂದೆ. "ಕೇಳಬೇಕಾದಾಕಿ ಹೋಗ್ಯಾಳ."